ರಾಣಿಬಾಗ್‌ಗೆ ಹೋದರೆ ನಿಧಾನವಾಗಿ ಹೋಗಿ

ಊರಿಂದ ನೆಂಟರು ಬಂದರೆ ಮುಂಬೈನ ಬೈಕುಲಾದ ರಾಣಿಬಾಗ್‌ನಲ್ಲಿ ಪೆಂಗ್ವಿನ್ ತೋರಿಸಿ ಹೊರಟುಬಿಡಬೇಡಿ. 1862ರಲ್ಲಿ ತೆರೆದ ಈ ಉದ್ಯಾನದ ನಿಜವಾದ ಸಂಪತ್ತು ಅದರ ಮರಗಳು. ಸವಣೂರಿನ ದೊಡ್ಡಹುಣಸೆ ನೋಡಿದವರಿಗೆ ಇಲ್ಲಿನ ಬಾವೊಬಾಬ್ ಕಂಡೊಡನೆ ಗುರುತು ಹತ್ತುತ್ತದೆ. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಗೋಡೆಯಾಚೆ ಬಸ್ಸು, ಲಾರಿಗಳ ಗದ್ದಲವಿದ್ದರೂ ಒಳಗಿನ ನೆರಳು ತಂಪು. ಬುಧವಾರ ರಜೆ. ಭಾನುವಾರ ಜಾತ್ರೆಯಷ್ಟು ಜನ, ಹಾಗಾಗಿ ವಾರದ ನಡುವಿನ ಬೆಳಗ್ಗೆಯೇ ಒಳ್ಳೆಯದು.

ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ಜೀರ್ಣೋದ್ಧಾರಗೊಂಡು 2008ರಲ್ಲಿ ಮತ್ತೆ ತೆರೆಯಿತು. ಹೊರಗಿರುವ ಕಲ್ಲಾನೆಯನ್ನು ಮಕ್ಕಳಿಗೆ ಖಂಡಿತ ತೋರಿಸಿ: ಎಲಿಫೆಂಟಾ ದ್ವೀಪಕ್ಕೆ ಆ ಹೆಸರು ಬಂದದ್ದೇ ಅದರಿಂದ. ಅಲ್ಲಿಂದ ಸಾಗಿಸುವಾಗ ಒಡೆದ ಅದನ್ನು ಆಮೇಲೆ ತುಂಡು ತುಂಡಾಗಿ ಜೋಡಿಸಿ ನಿಲ್ಲಿಸಿದ್ದಾರೆ.