ಈರುಳ್ಳಿಯ ನೀರು ಮತ್ತು ಗರಿಗರಿ ಆನಿಯನ್ ರಿಂಗ್ಸ್



ಈ ಸಂಚಿಕೆಯ ಅಡುಗೆ ಪಾಠಕ್ಕೆ ನಾನು ಆರಿಸಿಕೊಂಡಿರುವುದು ಆನಿಯನ್ ರಿಂಗ್ಸ್. "ಇದೇನ್ರೀ, ಕನ್ನಡ ಕೂಟದ ಪತ್ರದಲ್ಲಿ ಬರ್ಗರ್ ಅಂಗಡಿಯ ತಿಂಡಿ?" ಎಂದು ಮೂಗು ಮುರಿಯಬೇಡಿ. ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಈರುಳ್ಳಿ ಬಜ್ಜಿಗಿಂತ ಮೊದಲು ಪರಿಚಯವಾಗುವುದು ಈ ಬಳೆಯಾಕಾರದ ತಿಂಡಿಯೇ. ಊರಿನಿಂದ ಬಂದ ಅಜ್ಜಿಯ ಮುಂದೆ ಅದೇ ತಟ್ಟೆ ಇಟ್ಟು ನೋಡಿ, ಮೊದಲ ಪ್ರಶ್ನೆಯೇ ಬೇರೆ: "ಇದನ್ನ ಯಾವ ಎಣ್ಣೇಲಿ ಕರಿದಿದಾರೋ?"

ಅಜ್ಜಿಯ ಪ್ರಶ್ನೆ ತಪ್ಪಲ್ಲ. ಅನೇಕ ಹೋಟೆಲುಗಳಲ್ಲಿ ಕೋಳಿ, ಮೀನು, ಈರುಳ್ಳಿ ಎಲ್ಲಕ್ಕೂ ಒಂದೇ ಎಣ್ಣೆ. ಹಿಟ್ಟಿಗೆ ಮೊಟ್ಟೆ ಬೀಳುವುದುಂಟು, ಕೆಲವು ಕಡೆ ಬಿಯರ್ ಕೂಡ. ಇನ್ನೊಂದು ಹಳೆಯ ಕಥೆ ನಿಮಗೂ ನೆನಪಿರಬಹುದು. ಮೆಕ್‌ಡೊನಾಲ್ಡ್ಸ್ 1990ರಲ್ಲಿ ತನ್ನ ಫ್ರೆಂಚ್ ಫ್ರೈಸನ್ನು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಸಾರಿತ್ತು. ಆದರೆ ಅಮೆರಿಕದಲ್ಲಿ ಅದಕ್ಕೆ ಗೋಮಾಂಸದಿಂದ ಬಂದ ರುಚಿಯನ್ನು ಸೇರಿಸುತ್ತಿದ್ದ ವಿಷಯ ಬಯಲಾಗಿ 2001ರಲ್ಲಿ ಮೊಕದ್ದಮೆಯಾಯಿತು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಹಿಂದೂ ಸಂಘಗಳೇ ಮೊದಲಾದವಕ್ಕೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಆದ್ದರಿಂದ ಮೊಮ್ಮಗಳೂ ಅಜ್ಜಿಯೂ ನಿಶ್ಚಿಂತೆಯಿಂದ ಒಂದೇ ತಟ್ಟೆಗೆ ಕೈ ಹಾಕಬೇಕಾದರೆ ಮನೆಯಲ್ಲಿ ಮಾಡುವುದೇ ಸರಿ.

ಮನೆಯಲ್ಲಿ ಮಾಡಿದವರ ದೂರು ಸಾಮಾನ್ಯವಾಗಿ ಮೂರು. ಹೊದಿಕೆ ಕಳಚಿ ಬೀಳುತ್ತದೆ. ಕಚ್ಚಿದರೆ ಈರುಳ್ಳಿ ಪೂರ್ತಿ ಜಾರಿ ಬಾಯಿಗೆ ಬಂದು, ಕೈಯಲ್ಲಿ ಬರೀ ಹಿಟ್ಟಿನ ಚಿಪ್ಪು ಉಳಿಯುತ್ತದೆ. ಕರಿದು ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಈ ಮೂರಕ್ಕೂ ಮುಖ್ಯ ಕಾರಣ ಒಂದೇ: ನೀರು. ಇವತ್ತಿನ ಪಾಠದ ಸಾರಾಂಶವೂ ಅಷ್ಟೇ. ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿ ಹೊರಗೆ ಬಿಡಬೇಕು ಎಂದು ತಿಳಿದರೆ ಗರಿಗರಿ ತಾನಾಗಿಯೇ ಬರುತ್ತದೆ.

ನೀರಿನ ಲೆಕ್ಕ

ನಾವು ಈರುಳ್ಳಿ ಅನ್ನುವುದನ್ನು ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಅನ್ನುತ್ತಾರೆ, ಕರಾವಳಿಯವರು ನೀರುಳ್ಳಿ ಅನ್ನುತ್ತಾರೆ. ಕರಾವಳಿಯವರ ಹೆಸರಿನಲ್ಲೇ ನೀರು ಕೇಳಿಸುತ್ತದೆ, ನೋಡಿ! 100 ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ.

ಕಾದ ಎಣ್ಣೆಗೆ ಹಿಟ್ಟು ಬಿದ್ದ ಕೂಡಲೇ ಏಳುವ ಗುಳ್ಳೆಗಳು ಎಣ್ಣೆ ಕುದಿಯುವುದರಿಂದ ಬಂದವಲ್ಲ. ಹಿಟ್ಟಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುವ ಗುಳ್ಳೆಗಳು ಅವು. ಎಣ್ಣೆ ಸರಿಯಾಗಿ ಕಾದಿದ್ದರೆ ಆವಿ ರಭಸದಿಂದ ಹೊರಬರುತ್ತದೆ, ಎಣ್ಣೆಗೆ ಒಳಗೆ ಹೋಗಲು ದಾರಿ ಬಿಡುವುದಿಲ್ಲ, ಹೊದಿಕೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಎಣ್ಣೆ ಸಾಲದಷ್ಟು ಕಾದಿದ್ದರೆ ಆವಿಗೆ ಬಲವಿಲ್ಲ, ಹೊದಿಕೆ ಒದ್ದೆಯಾಗಿಯೇ ಉಳಿದು ಎಣ್ಣೆ ಕುಡಿಯುತ್ತದೆ. ಎಣ್ಣೆಯಿಂದ ತೆಗೆದ ಮೇಲೂ ಕಥೆ ಮುಗಿಯುವುದಿಲ್ಲ. ಒಳಗಿನ ಈರುಳ್ಳಿ ಇನ್ನೂ ಆವಿ ಬಿಡುತ್ತಿರುತ್ತದೆ. ಆ ಆವಿಗೆ ದಾರಿ ಸಿಗದಿದ್ದರೆ ಅದೇ ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ.

ಇಲ್ಲಿ ನಮ್ಮ ಈರುಳ್ಳಿ ಪಕೋಡವನ್ನು ನೆನಪಿಸಿಕೊಳ್ಳಿ. ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿ, ಅದು ಬಿಟ್ಟ ನೀರಿನಲ್ಲೇ ಕಡಲೆಹಿಟ್ಟು ಕಲಸುತ್ತೇವಲ್ಲ? ಅಲ್ಲಿ ಈರುಳ್ಳಿಯ ನೀರು ನಮ್ಮ ನೆಂಟ. ರಿಂಗ್ಸ್ ಮಾಡುವಾಗ ಅದೇ ನೀರು ಹೊದಿಕೆಯನ್ನು ಜಾರಿಸುತ್ತದೆ. ಆದ್ದರಿಂದ ಬಳೆಗಳಿಗೆ ಮೊದಲೇ ಉಪ್ಪು ಸವರಬೇಡಿ. ಉಪ್ಪು ಹಿಟ್ಟಿನಲ್ಲಿರಲಿ, ಮತ್ತೆ ಕರಿದ ಮೇಲೆ ಚಿಟಿಕೆ ಉದುರಿಸಿದರೆ ಸಾಕು.

ಯಾವ ಈರುಳ್ಳಿ?

ಇಲ್ಲಿನ ಅಂಗಡಿಗಳಲ್ಲಿ ಸಿಗುವ ದೊಡ್ಡ ಹಳದಿ ಈರುಳ್ಳಿ ಈ ಕೆಲಸಕ್ಕೆ ಚೆನ್ನ. ಜಾರ್ಜಿಯಾದ ವಿಡಾಲಿಯಾ ಈರುಳ್ಳಿ ಗಂಧಕದ ಅಂಶ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆಯುವುದರಿಂದ ಖಾರವಿಲ್ಲದೆ ಸಿಹಿಯಾಗಿರುತ್ತದೆ. ಮಕ್ಕಳಿಗೆ ಇಷ್ಟವಾಗುತ್ತದೆ, ಆದರೆ ನೀರು ಸ್ವಲ್ಪ ಜಾಸ್ತಿ, ಒರೆಸುವ ಕೆಲಸವೂ ಜಾಸ್ತಿ. 2015ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೆಂಗಳೂರು ಗುಲಾಬಿ ಈರುಳ್ಳಿ ರುಚಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಗಾತ್ರ ಚಿಕ್ಕದು, ಖಾರ ಹೆಚ್ಚು. ಅದು ಸಾಂಬಾರಿಗೇ ಇರಲಿ, ಬಳೆ ಮಾಡಲು ಬೇಡ.

ಬೇಕಾಗುವ ಸಾಮಗ್ರಿಗಳು (4 ಜನಕ್ಕೆ)

ದೊಡ್ಡ ಹಳದಿ ಈರುಳ್ಳಿ - 2
ಮೈದಾ - 1 ಕಪ್ (ಬಳೆಗಳಿಗೆ ಸವರಲು ಇನ್ನೂ ಅರ್ಧ ಕಪ್)
ಅಕ್ಕಿ ಹಿಟ್ಟು - ಕಾಲು ಕಪ್
ಕಾರ್ನ್ ಸ್ಟಾರ್ಚ್ - ಕಾಲು ಕಪ್
ಬೇಕಿಂಗ್ ಪೌಡರ್ - 1 ಟೀ ಚಮಚ
ಉಪ್ಪು - ಮುಕ್ಕಾಲು ಟೀ ಚಮಚ
ಅಚ್ಚಖಾರದ ಪುಡಿ - ಅರ್ಧ ಟೀ ಚಮಚ
ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ಕ್ಲಬ್ ಸೋಡಾ - ಸುಮಾರು 1 ಕಪ್
ಕರಿಯಲು ಎಣ್ಣೆ - ಕನೋಲಾ, ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ

ಮಾಡುವ ವಿಧಾನ

1. ಈರುಳ್ಳಿಯನ್ನು ಸಿಪ್ಪೆ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಿದ್ದರೆ ಕಣ್ಣೀರು ತರಿಸುವ ಅನಿಲ ಕಡಿಮೆ ಹೊರಡುತ್ತದೆ. ಆಮೇಲೆ ಸಿಪ್ಪೆ ಸುಲಿದು ಅಡ್ಡಲಾಗಿ ಅರ್ಧ ಇಂಚು ದಪ್ಪಕ್ಕೆ ಹೆಚ್ಚಿ ಬಳೆಗಳನ್ನು ಬಿಡಿಸಿ. ತೀರಾ ತೆಳುವಾದರೆ ಹೊದಿಕೆ ಕೆಂಪಗಾಗುವಷ್ಟರಲ್ಲಿ ಈರುಳ್ಳಿ ಕರಗಿಹೋಗುತ್ತದೆ. ನಡುವಿನ ಚಿಕ್ಕ ಚೂರುಗಳನ್ನು ನಾಳೆಯ ಹುಳಿಗೆ ಎತ್ತಿಡಿ.

2. ಪ್ರತಿ ಬಳೆಯ ಒಳಬದಿಯಲ್ಲಿ ಕಾಗದದಂತಹ ತೆಳುವಾದ ಪೊರೆಯಿರುತ್ತದೆ. ಅದನ್ನು ಉಗುರಿನಿಂದ ಎಬ್ಬಿಸಿ ಎಳೆದು ತೆಗೆಯಿರಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಆ ಪೊರೆ ನುಣುಪು, ಹಿಟ್ಟು ಅದಕ್ಕೆ ಅಂಟುವುದಿಲ್ಲ. ಈರುಳ್ಳಿ ಚಿಪ್ಪಿನಿಂದ ಜಾರಿ ಬರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

3. ಬಳೆಗಳನ್ನು ಒಣ ಬಟ್ಟೆಯ ಮೇಲೆ ಹರಡಿ, ಮೇಲಿಂದಲೂ ಒತ್ತಿ ಒರೆಸಿ. ಹತ್ತು ನಿಮಿಷ ಹಾಗೇ ಬಿಡಿ.

4. ಸೋಡಾ ಬಿಟ್ಟು ಉಳಿದ ಹಿಟ್ಟು, ಪುಡಿ, ಉಪ್ಪನ್ನು ಒಂದು ಪಾತ್ರೆಯಲ್ಲಿ ಬೆರೆಸಿಡಿ. ಸವರುವ ಅರ್ಧ ಕಪ್ ಮೈದಾ ಬೇರೆ ತಟ್ಟೆಯಲ್ಲಿರಲಿ.

5. ದಪ್ಪ ತಳದ, ಆಳವಾದ ಪಾತ್ರೆಯಲ್ಲಿ ಎರಡು ಇಂಚಿನಷ್ಟು ಎಣ್ಣೆ ಹಾಕಿ ಕಾಯಲಿಡಿ. ಎಣ್ಣೆ ಪಾತ್ರೆಯ ಅರ್ಧಕ್ಕಿಂತ ಕೆಳಗಿರಬೇಕು. 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 190 ಡಿಗ್ರಿ ಸೆಲ್ಸಿಯಸ್ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅಮ್ಮಂದಿರ ಪರೀಕ್ಷೆ ಇದ್ದೇ ಇದೆ: ಒಂದು ಹನಿ ಹಿಟ್ಟು ಬಿಟ್ಟರೆ ತಳಕ್ಕೆ ಹೋಗಿ ಕೂರದೆ ತಟ್ಟನೆ ಮೇಲೆದ್ದು ಗುಳ್ಳೆ ಬಿಡಬೇಕು. ಎಣ್ಣೆ ಹೊಗೆಯಾಡಿದರೆ ಅತಿಯಾಯಿತು, ಉರಿ ಆರಿಸಿ.

6. ಎಣ್ಣೆ ಕಾದ ಮೇಲೆಯೇ ಹಿಟ್ಟಿಗೆ ತಣ್ಣನೆ ಸೋಡಾ ಹಾಕಿ. ಮೊದಲು ಮುಕ್ಕಾಲು ಕಪ್, ಆಮೇಲೆ ಹದ ನೋಡಿಕೊಂಡು ಉಳಿದದ್ದು. ಬಜ್ಜಿ ಹಿಟ್ಟಿಗಿಂತ ತುಸು ತೆಳುವಾಗಿರಲಿ. ಹತ್ತು ಹನ್ನೆರಡು ಸಲ ತಿರುಗಿಸಿದರೆ ಸಾಕು, ಸಣ್ಣ ಗಂಟುಗಳಿದ್ದರೂ ಚಿಂತೆಯಿಲ್ಲ.

7. ಬಳೆಯನ್ನು ಒಣ ಮೈದಾದಲ್ಲಿ ಹೊರಳಿಸಿ, ಹೆಚ್ಚಿನ ಹಿಟ್ಟು ಕೊಡವಿ, ಕಲಸಿದ ಹಿಟ್ಟಿನಲ್ಲಿ ಅದ್ದಿ. ಒಂದು ಕ್ಷಣ ಹಿಟ್ಟು ತೊಟ್ಟಿಕ್ಕಲು ಬಿಟ್ಟು, ನಿಮ್ಮಿಂದ ಆಚೆ ಕಡೆಗೆ ಮೆಲ್ಲಗೆ ಎಣ್ಣೆಗೆ ಜಾರಿಸಿ. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಒಟ್ಟಿಗೆ ತುಂಬಿದರೆ ಎಣ್ಣೆ ತಣ್ಣಗಾಗುತ್ತದೆ. 350 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯದಂತೆ ಉರಿ ನೋಡಿಕೊಳ್ಳಿ.

8. ಎರಡರಿಂದ ಮೂರು ನಿಮಿಷ, ನಡುವೆ ಒಮ್ಮೆ ಮಗುಚಿ. ಗುಳ್ಳೆಗಳು ಕಡಿಮೆಯಾಗಿ ಬಣ್ಣ ಹೊಂಬಣ್ಣಕ್ಕೆ ತಿರುಗಿದಾಗ ತೆಗೆದು, ಎಣ್ಣೆ ಚೆನ್ನಾಗಿ ಬಸಿದು, ಕೇಕ್ ಆರಿಸುವ ತಂತಿ ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಇಡಿ. ತಕ್ಷಣ ಚಿಟಿಕೆ ಉಪ್ಪು ಉದುರಿಸಿ.

ಹೀಗೇ ಏಕೆ?

ಮೈದಾಕ್ಕೆ ನೀರು ತಾಗಿ ಕಲಸಿದಷ್ಟೂ ಗ್ಲೂಟನ್ ಎಂಬ ಅಂಟು ಬೆಳೆಯುತ್ತದೆ. ಚಪಾತಿಗೆ ಅದು ಬೇಕು, ಇಲ್ಲಿ ಬೇಡ. ಬೆಳೆದರೆ ಹೊದಿಕೆ ರಬ್ಬರಿನಂತಾಗುತ್ತದೆ. ಅದಕ್ಕೇ ಕಡಿಮೆ ಕಲಸುವುದು, ತಣ್ಣನೆ ಸೋಡಾ ಹಾಕುವುದು. ಅಕ್ಕಿ ಹಿಟ್ಟು, ಕಾರ್ನ್ ಸ್ಟಾರ್ಚ್ ಎರಡರಲ್ಲೂ ಗ್ಲೂಟನ್ ಇಲ್ಲ, ಅವೇ ಗರಿಗರಿ ಕೊಡುವವು. ಸೋಡಾದ ಗುಳ್ಳೆಗಳು ಹೊದಿಕೆಯನ್ನು ಹಗುರ ಮಾಡುತ್ತವೆ, ಆದ್ದರಿಂದ ಮೊದಲೇ ಕಲಸಿಟ್ಟರೆ ಗುಳ್ಳೆಯೂ ಹೋಯಿತು, ಫಲವೂ ಹೋಯಿತು. ಒಣ ಮೈದಾ ಸವರುವುದು ಈರುಳ್ಳಿಗೂ ಹಿಟ್ಟಿಗೂ ನಡುವೆ ಅಂಟಿನ ಕೆಲಸ ಮಾಡುತ್ತದೆ.

ಎಣ್ಣೆ ಹೆಚ್ಚು ಹೀರಿಕೊಳ್ಳುವುದು ಬಾಣಲೆಯಿಂದ ತೆಗೆದು ತಣ್ಣಗಾಗುವಾಗ. ಒಳಗಿನ ಆವಿ ತಣಿದಾಗ ಮೇಲ್ಮೈಗೆ ಅಂಟಿದ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ತೆಗೆದ ಕೂಡಲೇ ಬಸಿಯಬೇಕು ಅನ್ನುವುದು ಅದಕ್ಕೇ. ಪೇಪರ್ ಟವೆಲ್ ಮೇಲೆ ಗುಡ್ಡೆ ಹಾಕಿದರೆ ಕೆಳಗೆ ಆವಿ ಸಿಕ್ಕಿಹಾಕಿಕೊಳ್ಳುತ್ತದೆ. ಜಾಲರಿಯಾದರೆ ಎಲ್ಲ ಕಡೆಯಿಂದ ಗಾಳಿ ಆಡುತ್ತದೆ.

ನಮ್ಮ ರುಚಿಗೆ ಬೇಕೆಂದರೆ

ಅಜ್ಜಿಗೆ ಮೈದಾ ಒಗ್ಗದಿದ್ದರೆ ಮುಕ್ಕಾಲು ಕಪ್ ಕಡಲೆಹಿಟ್ಟು, ಮುಕ್ಕಾಲು ಕಪ್ ಅಕ್ಕಿ ಹಿಟ್ಟು, ಓಂಕಾಳು, ಚಿಟಿಕೆ ಇಂಗು, ಖಾರದ ಪುಡಿ, ಉಪ್ಪು ಹಾಕಿ ತಣ್ಣೀರಿನಲ್ಲಿ ಕಲಸಿ. ಸವರಲು ಅಕ್ಕಿ ಹಿಟ್ಟು ಬಳಸಿ. ಒಂದು ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೆ ಬಿಡುವ ಹಳೆಯ ಪದ್ಧತಿಯನ್ನು ಇಲ್ಲಿಯೂ ಪಾಲಿಸಿ. ಅಡುಗೆ ಸೋಡಾ ಮಾತ್ರ ಜಾಸ್ತಿ ಬೇಡ. ಹೊದಿಕೆ ಎಣ್ಣೆ ಕುಡಿಯುತ್ತದೆ, ಸೋಪಿನ ರುಚಿಯೂ ಬರುತ್ತದೆ. ಕಡಲೆಹಿಟ್ಟು ಬೇಗ ಕೆಂಪಗಾಗುವುದರಿಂದ ಉರಿ ಸ್ವಲ್ಪ ತಗ್ಗಿಸಿ. ಬಜ್ಜಿಗೂ ರಿಂಗ್ಸಿಗೂ ನೆಂಟಸ್ತನ ಎಷ್ಟು ಹತ್ತಿರದ್ದು ಎಂದು ಆಗ ಮಕ್ಕಳಿಗೇ ಗೊತ್ತಾಗುತ್ತದೆ.

ಪಾಟ್‌ಲಕ್‌ಗೆ ಒಯ್ಯುವುದಾದರೆ

ಯುಗಾದಿ, ದೀಪಾವಳಿ ಪಾಟ್‌ಲಕ್‌ಗಳಲ್ಲಿ ಕರಿದ ತಿಂಡಿಗಳ ಗತಿ ನಿಮಗೇ ಗೊತ್ತು. ಬಿಸಿಬಿಸಿಯಾಗಿ ಅಲ್ಯೂಮಿನಿಯಂ ಟ್ರೇಗೆ ತುಂಬಿ ಫಾಯಿಲ್ ಬಿಗಿಯಾಗಿ ಮುಚ್ಚುತ್ತೇವೆ. ಅದು ಟ್ರೇ ಅಲ್ಲ, ಇಡ್ಲಿ ಪಾತ್ರೆ! ಅಷ್ಟು ಆವಿಯಲ್ಲಿ ಯಾವ ತಿಂಡಿ ಗರಿಗರಿಯಾಗಿ ಉಳಿದೀತು?

ಉಪಾಯ ಹೀಗಿದೆ. ಮನೆಯಲ್ಲಿ ಒಂದೂವರೆ ನಿಮಿಷ ಮಾತ್ರ, ಬಣ್ಣ ಬರುವ ಮೊದಲೇ ತೆಗೆದು, ಜಾಲರಿಯ ಮೇಲೆ ಪೂರ್ತಿ ಆರಲು ಬಿಡಿ. ಊಟಕ್ಕೆ ಸ್ವಲ್ಪ ಮೊದಲು ಅಲ್ಲಿಯ ಅಡುಗೆಮನೆಯಲ್ಲಿ 375 ಡಿಗ್ರಿಯಲ್ಲಿ ಒಂದು ನಿಮಿಷ ಮತ್ತೆ ಕರಿಯಿರಿ. ಎರಡನೇ ಸಲ ಇನ್ನಷ್ಟು ನೀರು ಹೊರಟುಹೋಗುವುದರಿಂದ ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮನೆಯಲ್ಲೇ ಬಡಿಸುವುದಾದರೆ 200 ಡಿಗ್ರಿ ಫ್ಯಾರನ್‌ಹೀಟ್ ಒವನ್ನಿನಲ್ಲಿ, ಜಾಲರಿಯ ಮೇಲೆ, ಮುಚ್ಚದೆ ಇಪ್ಪತ್ತು ನಿಮಿಷ ಇಡಬಹುದು. ಕಡಲೆಕಾಯಿ ಎಣ್ಣೆ ಬಳಸಿದ್ದರೆ ಟ್ರೇ ಮೇಲೆ ತಪ್ಪದೆ ಬರೆದಿಡಿ, ಅಲರ್ಜಿ ಇರುವ ಮಕ್ಕಳಿರುತ್ತಾರೆ.

ಏರ್ ಫ್ರೈಯರ್ ಇದ್ದವರು ಈ ನೀರು ಹಿಟ್ಟನ್ನು ಅದರಲ್ಲಿ ಹಾಕಬೇಡಿ, ತೊಟ್ಟಿಕ್ಕಿ ಕೆಳಗೆ ಸೇರುತ್ತದೆ. ಅದ್ದಿದ ಬಳೆಯನ್ನು ಒಣ ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಎಣ್ಣೆ ಸಿಂಪಡಿಸಿ, 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು ಹತ್ತು ನಿಮಿಷ ಇಡಿ. ನಡುವೆ ಒಮ್ಮೆ ತಿರುವಿ. ಕರಿದಷ್ಟು ರುಚಿಯಿಲ್ಲ, ಆದರೆ ಕುರುಕಲಿಗೆ ಮೋಸವಿಲ್ಲ.

ಮಕ್ಕಳ ಜೊತೆ ಮಾಡುವಾಗ

ಪೊರೆ ಬಿಡಿಸುವುದು, ಒರೆಸುವುದು, ಮೈದಾದಲ್ಲಿ ಹೊರಳಿಸುವುದು ಮಕ್ಕಳ ಕೆಲಸವಾಗಲಿ. ಕೈ ಕೆಲಸ ಮಾಡುತ್ತಿರುವಾಗ ಗರಿಗರಿ, ಕುರುಕುರು, ಮೆತ್ತಗೆ, ಹದ, ಪೊರೆ ಎಂಬ ಮಾತುಗಳು ನಾಲಿಗೆಗೆ ಬಂದಷ್ಟು ಸುಲಭವಾಗಿ ಪುಸ್ತಕದಿಂದ ಬರುವುದಿಲ್ಲ. ಎಣ್ಣೆಯ ಹತ್ತಿರ ಮಾತ್ರ ದೊಡ್ಡವರೇ ನಿಲ್ಲಬೇಕು. ಪಾತ್ರೆಯ ಹಿಡಿ ಒಳಗೆ ತಿರುಗಿರಲಿ, ಫ್ಯಾನ್ ಓಡುತ್ತಿರಲಿ. ಎಣ್ಣೆ ಒಲೆಯ ಮೇಲಿರುವಾಗ ಊರಿನಿಂದ ಫೋನ್ ಬಂದರೂ ಅಡುಗೆಮನೆ ಬಿಟ್ಟು ಹೋಗಬೇಡಿ.

ಒಂದು ವೇಳೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಆವಿಯಾದಾಗ 1600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಮನೆಯೆಲ್ಲ ಎರಚುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪಾತ್ರೆ ಅಲುಗಿಸದೆ ತಣ್ಣಗಾಗಲು ಬಿಡಿ. ಬೆಂಕಿ ಹತೋಟಿಗೆ ಬರದಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 911ಕ್ಕೆ ಫೋನ್ ಮಾಡಿ. ಮುಚ್ಚಳವನ್ನು ಕರಿಯಲು ಶುರು ಮಾಡುವ ಮೊದಲೇ ಪಕ್ಕದಲ್ಲಿ ತೆಗೆದಿಟ್ಟುಕೊಂಡಿರಿ. ಮಿಕ್ಕ ಎಣ್ಣೆ ಪೂರ್ತಿ ಆರಿದ ಮೇಲೆ ಸೋಸಿ ಒಂದೆರಡು ಸಲ ಬಳಸಬಹುದು. ಚೆಲ್ಲುವುದಾದರೆ ಸಿಂಕಿಗೆ ಬೇಡ, ಹಳೆಯ ಬಾಟಲಿಯಲ್ಲಿ ತುಂಬಿ ಕಸಕ್ಕೆ ಹಾಕಿ.

ಈ ವಾರಾಂತ್ಯ ಎರಡು ಈರುಳ್ಳಿ ತೆಗೆದುಕೊಂಡು ಶುರು ಮಾಡಿ. ಅರ್ಧ ಮೈದಾ ಹಿಟ್ಟಿನಲ್ಲಿ, ಅರ್ಧ ಕಡಲೆಹಿಟ್ಟಿನಲ್ಲಿ ಕರಿದು, ಒಂದು ಬಟ್ಟಲು ಕೆಚಪ್, ಒಂದು ಬಟ್ಟಲು ಕಾಯಿ ಚಟ್ನಿ ಇಡಿ. ಯಾವ ತಟ್ಟೆ ಮೊದಲು ಖಾಲಿಯಾಯಿತು ಎಂದು ಮುಂದಿನ ಕೂಟದಲ್ಲಿ ಸಿಕ್ಕಾಗ ಹೇಳಿ. ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ!