ಮದುವೆ ಮನೆಯಿಂದ ಅವನನ್ನು ದೂರ ಇಡಬೇಡಿ

ಮೇಡಂ, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ, ನಾಲೆ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಮಗನಿಗೆ 19 ವರ್ಷ. ಚಿಕ್ಕಂದಿನಲ್ಲೇ ಆಟಿಸಂ ಎಂದು ಹೇಳಿದ್ದರು. ಮಾತು, ಓದು, ಬರಹ ಎಲ್ಲಾ ಬರುತ್ತದೆ, ಕಷ್ಟಪಟ್ಟು ಪಿಯುಸಿ ಪಾಸಾದ. ಕಾಲೇಜು ಮುಗಿದ ಮೇಲೆ ಕೋಣೆ ಸೇರಿಬಿಟ್ಟಿದ್ದಾನೆ. ಮೊದಲು ತಾನೇ ಹೋಗಿ ಡೇರಿಗೆ ಹಾಲು ಹಾಕಿ ಬರುತ್ತಿದ್ದವನನ್ನು ಈಗ ಸ್ನಾನಕ್ಕೂ ಹತ್ತು ಸಲ ಕರೆಯಬೇಕು. ಸ್ನೇಹಿತರು ಒಬ್ಬರೂ ಇಲ್ಲ. ಪೇಪರಿನಲ್ಲಿ ಬರುವ ಅಣೆಕಟ್ಟುಗಳ ನೀರಿನ ಮಟ್ಟ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೊಂದೇ ಕೆಲಸ. ಮುಂದಿನ ತಿಂಗಳು ಅವನ ಅಕ್ಕನ ಮದುವೆ. ಅಕ್ಕ ಎಂದರೆ ಅವನಿಗೆ ಪ್ರಾಣ. ಓಲಗ, ಜನ, ಗದ್ದಲದ ನಡುವೆ ಕಿವಿ ಮುಚ್ಚಿಕೊಂಡು ಕಿರುಚಿದರೆ ಬೀಗರ ಮುಂದೆ ಏನು ಗತಿ? ಮದುವೆ ಮುಗಿಯುವವರೆಗೆ ನನ್ನ ತಂಗಿ ಮನೆಯಲ್ಲಿ ಬಿಡೋಣ ಎನ್ನುತ್ತಾರೆ ನಮ್ಮ ಯಜಮಾನರು. ಅವನಿಗೂ ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವ ನೆಂಟರೂ ಇದ್ದಾರೆ. ಏನು ಮಾಡಲಿ?
— ನೊಂದ ತಾಯಿ

ತಾಯಿ,

ಯಜಮಾನರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಗನನ್ನು ತಂಗಿಯ ಮನೆಯಲ್ಲಿ ಬಿಡಬೇಡಿ. ಅವನು ಅಲ್ಲಿಂದ ವಾಪಸು ಬರುವಷ್ಟರಲ್ಲಿ ಅಕ್ಕ ಮನೆಯಲ್ಲಿ ಇರುವುದಿಲ್ಲ. ಅವಳು ಯಾವಾಗ ಹೋದಳು, ಯಾರ ಜೊತೆ ಹೋದಳು ಎನ್ನುವುದನ್ನು ಕಣ್ಣಾರೆ ನೋಡದಿದ್ದರೆ ಆ ಬದಲಾವಣೆಯನ್ನು ಒಪ್ಪಿಕೊಳ್ಳಲು ಹುಡುಗ ಬಹಳ ಒದ್ದಾಡಬೇಕಾಗುತ್ತದೆ. ಬೀಗರಿಗೆ ವಿಷಯ ಈಗಲೇ ತಿಳಿಯಲಿ, ನಿಮ್ಮ ಮಗಳೇ ಹೇಳಲಿ: ‘ತಮ್ಮನಿಗೆ ಆಟಿಸಂ ಇದೆ, ಗದ್ದಲ ತಡೆಯೋಕಾಗಲ್ಲ, ಆಗಾಗ ಒಳಗೆ ಹೋಗಿ ಕೂತಿರ್ತಾನೆ.’ ಇಷ್ಟು ಸಾಕು. ಮುಚ್ಚಿಟ್ಟು ಮುಹೂರ್ತದ ಹೊತ್ತಿಗೆ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗೆಂದು ಎಲ್ಲ ಶಾಸ್ತ್ರಕ್ಕೂ ಅವನನ್ನು ಎಳೆದುಕೊಂಡು ತಿರುಗಬೇಕಿಲ್ಲ. ಯಾವುದಕ್ಕೆ ಬರುತ್ತೀಯ ಎಂದು ಅವನನ್ನೇ ಕೇಳಿ. ಬಾಯಲ್ಲಿ ಕೇಳಿದರೆ ಸುಮ್ಮನೆ ‘ಹೂಂ’ ಅಂದುಬಿಡಬಹುದು, ಬರೆದುಕೊಡಿ. ಅರಿಶಿನ ಶಾಸ್ತ್ರ, ಆರತಕ್ಷತೆ, ಧಾರೆ, ಊಟ, ಹೆಣ್ಣೊಪ್ಪಿಸುವುದು. ಒಂದೊಂದರ ಎದುರು ಸಮಯ, ಜಾಗ, ಯಾರ್ಯಾರು ಇರುತ್ತಾರೆ ಎಂದು ಬರೆದು ಟಿಕ್ ಹಾಕುವುದನ್ನು ಅವನಿಗೇ ಬಿಡಿ. ಛತ್ರ ಖಾಲಿ ಇರುವಾಗ ಒಮ್ಮೆ ಕರೆದುಕೊಂಡು ಹೋಗಿ ಓಲಗದವರು ಎಲ್ಲಿ ಕೂರುತ್ತಾರೆ, ಜನರೇಟರ್ ಎಲ್ಲಿರುತ್ತದೆ ಎಂದು ತೋರಿಸಿ. ಅವೆರಡರಿಂದಲೂ ದೂರದ ಒಂದು ಕೋಣೆಯ ಬೀಗದ ಕೈ ಅವನ ಜೇಬಿನಲ್ಲೇ ಇರಲಿ. ಗಟ್ಟಿಮೇಳದ ಹೊತ್ತಿಗೆ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹೆಗಲ ಮೇಲೆ ಕೈ ಹಾಕಿ ಫೋಟೋಗೆ ಎಳೆಯುವ ನೆಂಟರನ್ನು ತಡೆಯಲು ಸೋದರಮಾವನಿಗೋ ಚಿಕ್ಕಪ್ಪನಿಗೋ ಹೇಳಿಡಿ. ಆ ದಿನ ನೀವು ಹೆಣ್ಣಿನ ತಾಯಿ, ಇದು ನಿಮ್ಮಿಂದ ಆಗದು.

ಅಕ್ಕ ಹೊರಟುಹೋಗುವ ವಿಷಯ ಮಾತ್ರ ಕೊನೇ ಗಳಿಗೆಗೆ ಬೇಡ. ‘ಬೇಗ ಬರ್ತಾಳೆ ಬಿಡು’ ಎಂಬ ಸಮಾಧಾನವೂ ಬೇಡ. ಬೇಗ ಎಂದರೆ ಯಾವತ್ತು ಎಂದು ಅವನು ಕಾಯುತ್ತ ಕೂರುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಹೋಗುವ ದಿನ, ಮೊದಲ ಸಲ ತವರಿಗೆ ಬರುವ ದಿನ ಎರಡನ್ನೂ ಗುರುತು ಮಾಡಿ. ಸಂಜೆ ಒಂದೇ ಹೊತ್ತಿಗೆ ಅವಳು ವಿಡಿಯೋ ಕಾಲ್ ಮಾಡುವ ರೂಢಿಯನ್ನು ಮದುವೆಗೆ ಮೊದಲೇ, ಅವಳು ಪಕ್ಕದ ಕೋಣೆಯಲ್ಲಿರುವಾಗಲೇ ಶುರು ಮಾಡಿ. ಅವನು ಮಾತಾಡದೆ ಸುಮ್ಮನೆ ನೋಡುತ್ತ ಕೂತರೂ ಸರಿಯೇ.

ಇನ್ನು ಕೋಣೆ ಸೇರಿಕೊಂಡದ್ದು. ಇದನ್ನು ಸೋಮಾರಿತನ, ಹಟ ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ಎರಡು ವರ್ಷ ಅವನು ಪಾಠದ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಿರಬೇಕು: ಕೈ ಆಡಿಸಬೇಕು ಅನಿಸಿದರೂ ಅದುಮಿಕೊಳ್ಳುವುದು, ಯಾರ ಮಾತಿಗೆ ಯಾವಾಗ ನಗಬೇಕು ಎಂದು ನೋಡಿ ನಗುವುದು. ಆಟಿಸಂ ಇರುವ ಎಷ್ಟೋ ಜನರಿಗೆ ಇದು ದಿನವೂ ಮೈಮನಸ್ಸು ಹಿಂಡುವ ದುಡಿಮೆ. ಅದರಿಂದ ಬಳಲಿ, ಬರುತ್ತಿದ್ದ ಕೆಲಸಗಳೇ ಕೈತಪ್ಪಿಹೋಗುವ ಸ್ಥಿತಿಯನ್ನು ಆಟಿಸ್ಟಿಕ್ ಬರ್ನ್‌ಔಟ್ ಎನ್ನುತ್ತಾರೆ. ಮೇಲಿಂದ ಕಾಲೇಜಿನ ಬೆಲ್ಲು, ಬಸ್ಸು, ಟೈಂಟೇಬಲ್ ಎಲ್ಲ ಒಟ್ಟಿಗೇ ನಿಂತುಹೋದವು. ಅವನಿಗೆ ವಿಶ್ರಾಂತಿಯೂ ಬೇಕು, ದಿನಕ್ಕೊಂದು ಚೌಕಟ್ಟೂ ಬೇಕು. ಏಳುವ, ಮೀಯುವ, ಉಣ್ಣುವ ಹೊತ್ತು ಬರೆದ ಚೀಟಿ ಗೋಡೆಯ ಮೇಲಿರಲಿ. ಹತ್ತು ಸಲ ಕರೆಯುವುದನ್ನು ನಿಲ್ಲಿಸಿ. ಆ ಚೀಟಿ ತೋರಿಸಿದರೆ ಸಾಕು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭರವಸೆ ಕೊಟ್ಟದ್ದು ಆ ನೋಟ್‌ಬುಕ್. ನಿಮ್ಮದು ಭತ್ತದ ಊರು. 186 ಅಡಿಯ ಭದ್ರಾ ಜಲಾಶಯದಲ್ಲಿ ಇವತ್ತು ಎಷ್ಟು ನೀರಿದೆ, ಒಳಹರಿವು ಎಷ್ಟು ಕ್ಯೂಸೆಕ್, ನಾಲೆಗೆ ಯಾವಾಗ ಬಿಡುತ್ತಾರೆ ಎಂದು ಕೇಳದ ರೈತ ನಿಮ್ಮ ಕಡೆ ಇದ್ದಾನೆಯೇ? ಅಂಥ ಒಬ್ಬರನ್ನು, ನಿಧಾನ ಸ್ವಭಾವದವರನ್ನು, ಮಗನ ಒಪ್ಪಿಗೆ ಪಡೆದು ಮನೆಗೆ ಕರೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಜಗಲಿಯ ಮೇಲೆ ಹತ್ತು ನಿಮಿಷ. ಎದುರಿಗೆ ಕೂತು ಮುಖ ನೋಡುವುದು ಬೇಡ, ಪಕ್ಕದಲ್ಲಿ ಕೂರಲಿ. ‘ಮುಂದೇನು ಮಾಡ್ತೀಯಪ್ಪ’ ಎಂದು ಕೇಳುವುದೂ ಬೇಡ. ‘ಹೋದ ವರ್ಷ ಇದೇ ದಿನ ಭದ್ರಾ ಎಷ್ಟಿತ್ತು?’ ಎಂದು ಕೇಳಿ, ಅವನು ಪುಟ ತಿರುವಿ ಹೇಳುವವರೆಗೆ ಸುಮ್ಮನಿರಲಿ. ಅವನಿಗೆ ಒಗ್ಗಿದರೆ, ಡೇರಿಯ ಬೋರ್ಡಿನ ಮೇಲೆ ದಿನಾ ನೀರಿನ ಮಟ್ಟ ಬರೆಯುವ ಕೆಲಸ ಕೇಳಿ ನೋಡಬಹುದು. ಹಾಲಿನವರು ನಿಂತು ಓದುತ್ತಾರೆ, ಒಬ್ಬಿಬ್ಬರು ಮಾತಾಡಿಸುತ್ತಾರೆ. ಅವನ ಸ್ನೇಹ ಹೀಗೆಯೇ ಹುಟ್ಟಬೇಕು.

ಆಟಿಸಂ ಇರುವವರಿಗೆ ಜನರೇ ಬೇಡ ಎಂಬ ನಂಬಿಕೆ ಸುಳ್ಳು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದಂತೆ ತೊಡಕು ಎರಡೂ ಕಡೆಯದು. ಅವರಿಗೆ ನಾವು ಅರ್ಥವಾಗದ ಹಾಗೆಯೇ ನಮಗೂ ಅವರು ಅರ್ಥವಾಗುವುದಿಲ್ಲ. ಬದಲಾಗುವ ಹೊಣೆಯನ್ನೆಲ್ಲ 19ರ ಹುಡುಗನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವವರಿಗೆ ಖಡಾಖಂಡಿತವಾಗಿ ಹೇಳಿ: ಮದುವೆ ಔಷಧಿಯಲ್ಲ, ಇನ್ನೊಬ್ಬ ಹೆಣ್ಣುಮಗಳ ಬಾಳನ್ನು ಪ್ರಯೋಗಕ್ಕೆ ಒಡ್ಡುವ ಹಕ್ಕು ನಮಗ್ಯಾರಿಗೂ ಇಲ್ಲ. ಮುಂದೆಂದಾದರೂ ಅವನಿಗೇ ಬೇಕೆನಿಸಿ, ಎಲ್ಲ ತಿಳಿದ ಹುಡುಗಿ ಒಪ್ಪಿದರೆ ಆ ಮಾತು ಬೇರೆ.

ಕಾಗದಪತ್ರದ ಕೆಲಸ ಅಕ್ಕನ ಮದುವೆಯ ನಂತರ ಮಾಡಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚಕ್ಕೆ ಅವಕಾಶವಿದೆ. ಅದೇ ಟ್ರಸ್ಟಿನ ಕಾನೂನಿನ ಪ್ರಕಾರ ಆಟಿಸಂ ಇರುವ, 18 ದಾಟಿದವರಿಗೆ ಕಾನೂನುಬದ್ಧ ಪೋಷಕರ ನೇಮಕವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಮಾಡುತ್ತದೆ. ಪಿಯುಸಿ ಪಾಸಾದ ನಿಮ್ಮ ಮಗನಿಗೆ ಅದು ಬೇಕೇ ಎಂದು ಅವನನ್ನೂ ಕೂರಿಸಿಕೊಂಡು ಯೋಚಿಸಿ.

ವೈದ್ಯರ ಭೇಟಿಯನ್ನು ಮಾತ್ರ ಮುಂದೂಡಬೇಡಿ. ಆಟಿಸಂ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಅದು ಅಳುವಾಗಿ ಕಾಣದೆ ಹೀಗೆ ಕೋಣೆ ಸೇರುವುದರಲ್ಲೇ ಕಾಣಬಹುದು. ಊಟ, ನಿದ್ದೆ ಕೆಟ್ಟಿದೆಯೇ, ನಿಂತಲ್ಲೇ ಬಹಳ ಹೊತ್ತು ಮರಗಟ್ಟಿದಂತೆ ನಿಲ್ಲುತ್ತಾನೆಯೇ, ಸಾಯುವ ಮಾತಾಡಿದ್ದಾನೆಯೇ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ. ಆ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮದುವೆ ಮುಗಿಯಲಿ ಎಂದು ಕಾಯಬೇಡಿ ತಾಯಿ, ಈ ವಾರವೇ ಹೋಗಿ ಬನ್ನಿ.