ಗಿಂಬಲ್ ಕೊಳ್ಳುವ ಮುನ್ನ ಕ್ಯಾಮೆರಾ ತೂಗಿ

ರಾಯದುರ್ಗ, ಮಡಕಶಿರಾ ಕಡೆ ಮದುವೆ ವಿಡಿಯೊ ಮಾಡುವ ಗೆಳೆಯರೇ, ಗಿಂಬಲ್ ಡಬ್ಬಿಯ ಮೇಲಿನ ಕಿಲೋ ಲೆಕ್ಕವನ್ನೇ ನಂಬಿ ದುಡ್ಡು ಕೊಡಬೇಡಿ. ಡಿಜೆಐ ಆರ್‌ಎಸ್ 3 ಪ್ರೊ 4.5 ಕಿಲೋ ಹೊರುತ್ತದೆ ನಿಜ, ಆದರೆ ಅದರದೇ ತೂಕ ಸುಮಾರು ಒಂದೂವರೆ ಕಿಲೋ. ಸೋನಿ ಎಫ್‌ಎಕ್ಸ್6 ಬಾಡಿ 890 ಗ್ರಾಂ ಇದ್ದರೂ ಲೆನ್ಸು, ಮಾನಿಟರು, ಮೈಕು, ಬ್ಯಾಟರಿ ಸೇರಿದರೆ ಮೂರು ಕಿಲೋ ಮುಟ್ಟುವುದು ಕಷ್ಟವೇನಲ್ಲ. ಅಂದರೆ ಧಾರೆ ಮುಗಿಯುವ ತನಕ ನಿಮ್ಮ ಕೈ ಹೊರುವುದು ನಾಲ್ಕೂವರೆ ಕಿಲೋ. ಆದ್ದರಿಂದ ಕ್ಯಾಮೆರಾಕ್ಕೆ ಎಲ್ಲವನ್ನೂ ಜೋಡಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಗಿಂಬಲ್‌ನ ಮಿತಿಯಲ್ಲಿ ಕಾಲುಭಾಗವಾದರೂ ಮಿಕ್ಕಿರಲಿ.

ದೊಡ್ಡ ಮೋಟಾರಿದ್ದರೆ ಬ್ಯಾಲೆನ್ಸ್ ತಾನೇ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದಿಲ್ಲ. ತೂಕ ಒಂದು ಕಡೆ ವಾಲಿದ್ದರೆ ಮೋಟಾರು ಅದನ್ನು ಹಿಡಿದಿಡಲು ಸದಾ ಹೆಣಗುತ್ತದೆ, ಚಿತ್ರ ಸಣ್ಣಗೆ ನಡುಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಬಳ್ಳಾರಿಯಲ್ಲೋ ಬೆಂಗಳೂರಲ್ಲೋ ಕೊಳ್ಳುವಾಗ ನಿಮ್ಮ ಕ್ಯಾಮೆರಾ ಒಯ್ದು ಅಂಗಡಿಯಲ್ಲೇ ಕೂರಿಸಿ. ಪವರ್ ಹಾಕದೆ ಲೆನ್ಸನ್ನು ಮೇಲಕ್ಕೆ ತಿರುಗಿಸಿ ಕೈ ಬಿಡಿ: ಅಲ್ಲೇ ನಿಂತರೆ ಆ ದಿಕ್ಕಿನ ಬ್ಯಾಲೆನ್ಸ್ ಸರಿ. ಉದ್ದವಾದ ಬಾಡಿ ಹಿಂದಿನ ಮೋಟಾರಿಗೆ ತಗಲುವುದೂ ಅಲ್ಲೇ ಗೊತ್ತಾಗುತ್ತದೆ. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಲೆನ್ಸಾದರೆ ಎರಡೂ ತುದಿಯಲ್ಲಿ ನೋಡಿ.

ಇಷ್ಟಾದರೂ ಮೂರು ಅಕ್ಷದ ಗಿಂಬಲ್ ನಡಿಗೆಯ ಏರಿಳಿತವನ್ನು ತಡೆಯದು. ಅದಕ್ಕೆ ಮೊಣಕಾಲು ಬಾಗಿಸಿ ನಡೆಯುವ ಅಭ್ಯಾಸವೇ ಬೇಕು. ಎಲ್ಲ ಜೋಡಿಸಿದ ಕ್ಯಾಮೆರಾವೇ ನಾಲ್ಕು ಕಿಲೋ ದಾಟಿದರೆ ಕೈಗಿಂಬಲ್ ಆಸೆ ಬಿಡಿ. ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್ ವೆಸ್ಟ್ ಮೂಲಕ ಭಾರವನ್ನು ಕೈಯಿಂದ ಮೈಗೆ ದಾಟಿಸಿದ್ದು ಇದಕ್ಕಾಗಿಯೇ. ಅಂಥ ವೆಸ್ಟ್ ದುಬಾರಿಯೆನಿಸಿದರೆ ದೊಡ್ಡ ಕ್ಯಾಮೆರಾ ಮಾನೊಪಾಡ್ ಮೇಲಿರಲಿ, ಗಿಂಬಲ್‌ಗೆ ಹಗುರವಾದ ಇನ್ನೊಂದು ಬಾಡಿ ಹಾಕಿ.